ಕೆಲಸ ಹುಡುಕುವಾಗ ಪರಿಚಯ ಹೇಗೆ ಉಪಯೋಗಕ್ಕೆ ಬರುತ್ತದೆ? ಬೆಳಗಾವಿಯಲ್ಲಿ ಕೂತು ನೆಟ್‌ವರ್ಕಿಂಗ್ ಮಾಡುವವರಿಗೆ

ಎಂಟನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಬೆಳಗಾವಿಯ ಎಷ್ಟೋ ಮನೆಗಳಲ್ಲಿ ಒಂದೇ ಮಾತು. ಕ್ಯಾಂಪಸ್‌ನಲ್ಲಿ ಆಗಲಿಲ್ಲ, ಇನ್ನು ಮುಂದೇನು? ಜಾಬ್ ಪೋರ್ಟಲ್‌ಗಳಲ್ಲಿ ಅರ್ಜಿ ಹಾಕಿ ಹಾಕಿ ಹುಡುಗ ಹೈರಾಣಾಗಿರುತ್ತಾನೆ, ಒಂದಕ್ಕೂ ಉತ್ತರ ಇಲ್ಲ. ಆಗ ಯಾರಾದರೂ ಒಬ್ಬರು ಬಂದು "ನೆಟ್‌ವರ್ಕಿಂಗ್ ಮಾಡಪಾ, ಈಗೆಲ್ಲಾ ಹಂಗ ಕೆಲಸ ಸಿಗೂದು" ಅಂತ ಹೇಳಿ, ಚಹಾ ಕುಡಿದು ಹೋಗುತ್ತಾರೆ. ಹೇಗೆ ಮಾಡಬೇಕು ಅಂತ ಮಾತ್ರ ಹೇಳುವುದಿಲ್ಲ. ಹುಡುಗ ಅವತ್ತು ರಾತ್ರಿ ಕೆಲಸದ ಸಂಪರ್ಕಗಳಿಗೆಂದೇ ಇರುವ ಲಿಂಕ್ಡ್‌ಇನ್ ತಾಣ ತೆರೆದು ಗುರುತೇ ಇಲ್ಲದ ಐವತ್ತು ಜನರಿಗೆ ರಿಕ್ವೆಸ್ಟ್ ಕಳಿಸುತ್ತಾನೆ. ಅದರಿಂದ ಏನೂ ಆಗುವುದಿಲ್ಲ. ಯಾಕೆ ಆಗುವುದಿಲ್ಲ, ಹಾಗಾದರೆ ಯಾವುದರಿಂದ ಆಗುತ್ತದೆ ಅನ್ನುವುದನ್ನು ಬುಡದಿಂದ ನೋಡೋಣ.

ವಶೀಲಿ ಬೇರೆ, ಇದು ಬೇರೆ

ಪರಿಚಯದವರ ಮೂಲಕ ಕೆಲಸ ಅಂದಕೂಡಲೇ ನಮ್ಮ ಕಡೆ ಮೊದಲು ತಲೆಗೆ ಬರುವುದು ವಶೀಲಿ. ದೊಡ್ಡವರಿಂದ ಒಂದು ಫೋನ್ ಮಾಡಿಸುವುದು, ಚೀಟಿ ಕೊಡಿಸುವುದು. ಹಾಗಾಗಿ ಓದಿನಲ್ಲಿ ಚೆನ್ನಾಗಿರುವ ಹುಡುಗ ಹುಡುಗಿಯರೇ ಜಾಸ್ತಿ ಸಂಕೋಚಪಡುತ್ತಾರೆ. ನಾನ್ಯಾಕೆ ಒಬ್ಬರ ಮುಂದೆ ಕೈಚಾಚಲಿ ಅಂತ.

ವಶೀಲಿಯಲ್ಲಿ ಅರ್ಹತೆ ಇರಲಿ ಬಿಡಲಿ ಕೆಲಸ ಕೊಡಲೇಬೇಕು ಅನ್ನುವ ಒತ್ತಡ ಇರುತ್ತದೆ. ನೆಟ್‌ವರ್ಕಿಂಗ್‌ನಲ್ಲಿ ಎದುರಿನವರು ನಿಮಗೆ ಕೊಡುವುದು ಎರಡೇ. ಒಂದು ಸುದ್ದಿ: ಎಲ್ಲಿ ಜಾಗ ಖಾಲಿ ಆಗುತ್ತಿದೆ, ಅಲ್ಲಿ ಏನು ಬಂದಿರಬೇಕು, ಯಾರನ್ನು ಕೇಳಬೇಕು. ಇನ್ನೊಂದು ಒಂದು ಒಳ್ಳೆಯ ಮಾತು: "ಈ ಹುಡುಗಿ ನನಗೆ ಗೊತ್ತು, ಒಮ್ಮೆ ರೆಸ್ಯೂಮೆ ನೋಡಿ." ಅಲ್ಲಿಂದ ಮುಂದಿನ ಟೆಸ್ಟು, ಇಂಟರ್‌ವ್ಯೂ ಎಲ್ಲ ನಿಮ್ಮದೇ.

ಮನೆಯಲ್ಲಿ ಮದುವೆಗೆ ಸಂಬಂಧ ನೋಡುವುದನ್ನು ನೆನಪಿಸಿಕೊಳ್ಳಿ. ನಿಮ್ಮ ಅಣ್ಣನಿಗೆ ಹೆಣ್ಣು ನೋಡುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಮನೆಯವರಿಗೆ, ಖಾಸಾ ನೆಂಟರಿಗೆ ಗೊತ್ತಿರುವ ಮನೆತನಗಳು ನಿಮಗೂ ಗೊತ್ತು, ಅವೆಲ್ಲ ಆಗಲೇ ನೋಡಿ ಮುಗಿದಿರುತ್ತವೆ. ಹೊಸ ಮನೆ ವಿಳಾಸ ಬರುವುದು ಯಾವುದೋ ಮದುವೆ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ, ವರ್ಷಕ್ಕೊಮ್ಮೆ ಕಾಣುವ, ಜಮಖಂಡಿ ಕಡೆಯ ದೂರದ ಸೋದರತ್ತೆಯಿಂದ. ಆಕೆ ಮದುವೆ ಮಾಡಿಸುವುದಿಲ್ಲ. "ಅಲ್ಲೊಂದು ಮನಿ ಐತಿ, ನೋಡ್ರಿ, ಮಂದಿ ಛಲೋ ಅದಾರ" ಅಂತ ಹೇಳುತ್ತಾಳೆ, ಅಷ್ಟೇ. ನೋಡುವುದು, ಒಪ್ಪುವುದು, ಬಿಡುವುದು ಎರಡೂ ಮನೆಯವರಿಗೆ ಬಿಟ್ಟದ್ದು. ಕೆಲಸದ ವಿಷಯದಲ್ಲೂ ಪರಿಚಯ ನಡೆಯುವುದು ಹೀಗೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಲೇಖನ ಖಾಸಗಿ ಕೆಲಸದ ಬಗ್ಗೆ. ಕೆಪಿಎಸ್‌ಸಿ, ಕೆಇಎ ಮೂಲಕ ತುಂಬುವ ಸರ್ಕಾರಿ ಹುದ್ದೆಗೆ ಅಧಿಸೂಚನೆ, ಪರೀಕ್ಷೆ, ಮೆರಿಟ್ ಪಟ್ಟಿ ಇರುತ್ತದೆ. ಅಲ್ಲಿ ಪರಿಚಯ ಮಾಡಬಹುದಾದದ್ದು ಹೇಗೆ ಓದಬೇಕು ಅಂತ ಹೇಳಿಕೊಡುವುದು, ಹಳೆಯ ಪ್ರಶ್ನೆಪತ್ರಿಕೆ ಕೊಡುವುದು, ಅಷ್ಟೇ.

ದೋಸ್ತರಿಗಿಂತ ಅರ್ಧಂಬರ್ಧ ಗುರುತಿನವರು

ದೂರದ ಗುರುತಿನವರು ಜಾಸ್ತಿ ಉಪಯೋಗಕ್ಕೆ ಬರುತ್ತಾರೆ ಅನ್ನುವುದನ್ನು ಮೊದಲು ಲೆಕ್ಕ ಹಾಕಿ ತೋರಿಸಿದ್ದು ಮಾರ್ಕ್ ಗ್ರನೊವೆಟರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ. ಬಾಸ್ಟನ್ ಪಕ್ಕದ ನ್ಯೂಟನ್ ಅನ್ನುವ ಊರಿನಲ್ಲಿ ಆಗಷ್ಟೇ ಕೆಲಸ ಬದಲಿಸಿದ್ದ 282 ಜನರನ್ನು ಅವರು ಕೇಳಿದರು. ಅರ್ಧಕ್ಕಿಂತ ಹೆಚ್ಚು ಜನ, ಸುಮಾರು 56%, ಗುರುತಿನವರ ಮೂಲಕವೇ ಕೆಲಸ ಹಿಡಿದಿದ್ದರು. ಇದರಲ್ಲೇನೂ ಆಶ್ಚರ್ಯ ಇಲ್ಲ. ಆಶ್ಚರ್ಯ ಆಗುವುದು ಮುಂದಿನ ಪ್ರಶ್ನೆಯಲ್ಲಿ. ಆ ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ಭೇಟಿ ಆಗುತ್ತಿದ್ದಿರಿ ಅಂತ ಅವರಲ್ಲಿ ಕೆಲವರನ್ನು ಕೇಳಿದಾಗ, ವಾರಕ್ಕೆ ಎರಡು ಸಲವಾದರೂ ಸಿಗುತ್ತಿದ್ದೆವು ಅಂದವರು 16.7% ಮಾತ್ರ. ಆಗೊಮ್ಮೆ ಈಗೊಮ್ಮೆ ಅಂದವರು 55.6%. ವರ್ಷಕ್ಕೆ ಒಂದು ಸಲ, ಇಲ್ಲವೇ ಅದಕ್ಕಿಂತಲೂ ಕಡಿಮೆ ಅಂದವರು 27.8%. 1973ರಲ್ಲಿ ಬಂದ ಅವರ ಪ್ರಬಂಧ ಸಮಾಜಶಾಸ್ತ್ರದಲ್ಲಿ ಬಹಳ ಹೆಸರು ಮಾಡಿತು.

ಕಾರಣ ಸರಳ. ನೀವೂ ನಿಮ್ಮ ದೋಸ್ತರೂ ಒಂದೇ ಕಾಲೇಜು, ಒಂದೇ ವಾಟ್ಸಾಪ್ ಗುಂಪು, ಸಂಜೆಗೆ ಖಾನಾಪುರ ರಸ್ತೆಯ ಅದೇ ಚಹಾದಂಗಡಿ. ಅವರಿಗೆ ಗೊತ್ತಿರುವ ಸುದ್ದಿ ನಿಮಗೂ ಗೊತ್ತು. ಅವರೂ ಕೆಲಸ ಹುಡುಕುತ್ತಿರುತ್ತಾರೆ, ಅದು ಬೇರೆ. ನಾಲ್ಕು ವರ್ಷದ ಹಿಂದಿನ ಸೀನಿಯರ್ ಪುಣೆಯಲ್ಲಿ ಬೇರೆಯೇ ಜನರ ನಡುವೆ ಇದ್ದಾಳೆ, ಅವಳ ಕಿವಿಗೆ ಬೀಳುವ ಸುದ್ದಿ ಬೇರೆ.

ಇದು ಐವತ್ತು ವರ್ಷದ ಹಿಂದಿನ ಮಾತು, ಈಗ ಹೇಗೆ ಅಂತ ಕೇಳಬಹುದು. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದರದ್ದೇ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಲಿಂಕ್ಡ್‌ಇನ್‌ನಲ್ಲಿ 'ಇವರು ನಿಮಗೆ ಗೊತ್ತಿರಬಹುದು' ಅಂತ ತೋರಿಸುವ ಪಟ್ಟಿ ಇದೆಯಲ್ಲ, ಅದನ್ನು ಬೇರೆ ಬೇರೆ ಜನರಿಗೆ ಬೇರೆ ಬೇರೆ ರೀತಿ ತೋರಿಸಿ, ಐದು ವರ್ಷದಲ್ಲಿ 2 ಕೋಟಿಗೂ ಹೆಚ್ಚು ಜನರ ವಿಷಯದಲ್ಲಿ ಏನಾಯಿತು ಅಂತ ಸಂಶೋಧಕರು ನೋಡಿದರು. ಆ ಅವಧಿಯಲ್ಲಿ ಸುಮಾರು 200 ಕೋಟಿ ಹೊಸ ಸಂಪರ್ಕಗಳು ಬೆಳೆದವು, 6 ಲಕ್ಷ ಹೊಸ ಕೆಲಸಗಳಾದವು. ಗ್ರನೊವೆಟರ್ ಹೇಳಿದ್ದು ಬಹುಪಾಲು ನಿಜವಾಯಿತು, ಆದರೆ ಎರಡು ತಿದ್ದುಪಡಿಯೊಂದಿಗೆ. ಒಂದು, ತೀರಾ ಗುರುತೇ ಇಲ್ಲದವರಿಂದ ಅಷ್ಟು ಪ್ರಯೋಜನ ಇಲ್ಲ, ನಡುವೆ ಹತ್ತಾರು ಜನ ಇಬ್ಬರಿಗೂ ಗೊತ್ತಿರುವಂಥ, ಮಧ್ಯಮ ಗುರುತಿನವರೇ ಹೆಚ್ಚು ಕೆಲಸಕ್ಕೆ ಬಂದರು. ಆ ಹುಡುಗನ ಐವತ್ತು ರಿಕ್ವೆಸ್ಟ್‌ಗಳು ಯಾಕೆ ನೀರಲ್ಲಿ ಹೋಮ ಆದವು ಅನ್ನುವುದಕ್ಕೆ ಉತ್ತರ ಇಲ್ಲಿದೆ. ಎರಡು, ಸಾಫ್ಟ್‌ವೇರ್ ಥರದ ಡಿಜಿಟಲ್ ಕ್ಷೇತ್ರದಲ್ಲಿ ದೂರದ ಗುರುತು ಕೆಲಸ ಮಾಡಿದರೆ, ಅಷ್ಟು ಡಿಜಿಟಲ್ ಅಲ್ಲದ ಕ್ಷೇತ್ರಗಳಲ್ಲಿ ಹತ್ತಿರದ ಗುರುತಿಗೇ ಬಲ ಜಾಸ್ತಿ.

ಈ ಎರಡನೆಯದು ಬೆಳಗಾವಿಯವರಿಗೆ ಬಹಳ ಮುಖ್ಯ ಅಂತ ನನಗನಿಸುತ್ತದೆ. ನಮ್ಮ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ ಮೂವತ್ತು ನಲವತ್ತು ಜನರ ಮಷಿನ್ ಶಾಪ್ ಒಂದನ್ನು ನೋಡಿ. ಅಲ್ಲಿ ಎಚ್‌ಆರ್ ವಿಭಾಗ ಅಂತ ಇರುವುದಿಲ್ಲ, ಮಾಲೀಕರೇ ಎಲ್ಲ. ವಿಎಂಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷಿನ್) ಆಪರೇಟರ್ ಒಬ್ಬ ಬಿಟ್ಟು ಹೋದ ಅಂದರೆ ಮಾಲೀಕರು ಸೂಪರ್‌ವೈಸರ್‌ಗೆ ಹೇಳುತ್ತಾರೆ, ಸೂಪರ್‌ವೈಸರ್ ಶಿಫ್ಟ್ ಬಿಟ್ಟಾಗ ಗೇಟಿನ ಹೊರಗೆ ಚಹಾ ಕುಡಿಯುತ್ತಾ "ಒಬ್ಬ ಹುಡುಗ ಬೇಕಾಗ್ಯಾನ ನೋಡ್ರಿ, ಡ್ರಾಯಿಂಗ್ ಓದಾಕ ಬರಬೇಕ" ಅನ್ನುತ್ತಾರೆ. ಪಕ್ಕದ ಫೌಂಡ್ರಿಯಲ್ಲಿ ಕೆಲಸ ಮಾಡುವವನು ತನ್ನ ತಮ್ಮನನ್ನೋ ಓಣಿಯ ಹುಡುಗನನ್ನೋ ಮರುದಿನ ಕರೆತರುತ್ತಾನೆ. ಪೋರ್ಟಲ್‌ನಲ್ಲಿ ಆ ಕೆಲಸ ಕಾಣಿಸಿಕೊಳ್ಳುವುದೇ ಇಲ್ಲ. ಹೀಗಾಗಿ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಕ್ಕೆ ಮಾಡುವ ಪ್ರಯತ್ನ ಒಂದು ಥರ, ಉದ್ಯಮಬಾಗ್, ಮಚ್ಛೆ, ಹೊನಗಾ ಕಡೆಯ ಕೆಲಸಕ್ಕೆ ಮಾಡುವ ಪ್ರಯತ್ನವೇ ಇನ್ನೊಂದು ಥರ. ಇಲ್ಲಿಯದಕ್ಕೆ ಖುದ್ದಾಗಿ ಹೋಗಬೇಕು, ಮುಖ ಕಾಣಿಸಬೇಕು.

ರೆಫರಲ್ ಒಳಗೆ ಏನು ನಡೆಯುತ್ತದೆ

ದೊಡ್ಡ ಕಂಪನಿಗಳಲ್ಲಿ ಇದೇ ಮಾತುಕತೆಗೆ ಒಂದು ಪದ್ಧತಿ ಇದೆ, ಅದಕ್ಕೆ ರೆಫರಲ್ ಅನ್ನುತ್ತಾರೆ. ಒಳಗಿನ ನೌಕರ ಕಂಪನಿಯ ಪೋರ್ಟಲ್‌ಗೆ ಲಾಗಿನ್ ಆಗಿ, ಖಾಲಿ ಇರುವ ಹುದ್ದೆಯ ಸಂಖ್ಯೆ ಆರಿಸಿ, ನಿಮ್ಮ ಹೆಸರು, ಇಮೇಲ್, ರೆಸ್ಯೂಮೆ ಹಾಕುತ್ತಾರೆ. ನೀವು ಅವರಿಗೆ ಹೇಗೆ ಗೊತ್ತು ಅಂತಲೂ ಎಷ್ಟೋ ಕಡೆ ಬರೆಯಬೇಕಾಗುತ್ತದೆ. ಆಮೇಲೆ ನಿಮಗೊಂದು ಲಿಂಕ್ ಬರುತ್ತದೆ, ಉಳಿದದ್ದನ್ನು ನೀವು ತುಂಬುತ್ತೀರಿ.

ಲಾಭ ಏನು? ಒಂದು ಹುದ್ದೆಗೆ ಸಾವಿರಗಟ್ಟಲೆ ಅರ್ಜಿ ಬಂದಾಗ ಎಲ್ಲವನ್ನೂ ಕೂತು ಓದುವವರು ಯಾರೂ ಇಲ್ಲ. ಸಾಫ್ಟ್‌ವೇರೇ ಜರಡಿ ಹಿಡಿಯುತ್ತದೆ. ರೆಫರಲ್‌ನಿಂದ ಬಂದ ಅರ್ಜಿಗೆ ಗುರುತು ಬಿದ್ದಿರುತ್ತದೆ, ಅದನ್ನು ಒಬ್ಬ ಮನುಷ್ಯ ತೆರೆದು ನೋಡುವ ಸಂಭವ ಜಾಸ್ತಿ. ಕಂಪನಿಗೂ ಇದು ಬೇಕು, ಯಾಕೆಂದರೆ ಗುರುತಿನವರನ್ನು ಕರೆತರುವ ನೌಕರ ತನ್ನ ಹೆಸರು ಕೆಡಿಸಿಕೊಳ್ಳಲು ಇಷ್ಟಪಡುವುದಿಲ್ಲ. ರೆಫರ್ ಆಗಿ ಬಂದವರು ಕೆಲಸಕ್ಕೆ ಸೇರಿ, ಇಂತಿಷ್ಟು ತಿಂಗಳು ಉಳಿದರೆ ರೆಫರ್ ಮಾಡಿದ ನೌಕರನಿಗೆ ಬೋನಸ್ ಕೊಡುವ ಕಂಪನಿಗಳೂ ಬಹಳ ಇವೆ. ಅಂದರೆ ನೀವು ಕೇಳುವುದರಿಂದ ಅವರಿಗೆ ಬರೀ ತೊಂದರೆ ಅಂತ ತಿಳಿಯಬೇಡಿ, ನೀವು ಸರಿಯಾದ ಅಭ್ಯರ್ಥಿ ಆದರೆ ಅವರಿಗೂ ಅನುಕೂಲವೇ.

ಬಹಳ ಜನ ಎಡವುವ ಒಂದು ಸಣ್ಣ ವಿಷಯ ಇದೆ. ಹಲವು ಕಂಪನಿಗಳಲ್ಲಿ ನೀವು ಆಗಲೇ ವೆಬ್‌ಸೈಟ್‌ನಲ್ಲಿ ನೇರವಾಗಿ ಅರ್ಜಿ ಹಾಕಿದ್ದರೆ ನಿಮ್ಮ ಹೆಸರು ಅವರ ದಾಖಲೆಗೆ ಸೇರಿಬಿಟ್ಟಿರುತ್ತದೆ, ಆಮೇಲೆ ಯಾರಾದರೂ ರೆಫರ್ ಮಾಡಲು ಹೋದರೆ ಆ ಹೆಸರು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಒಳಗೆ ಗುರುತಿನವರು ಇದ್ದಾರೆ ಅಂತಾದರೆ ಮೊದಲು ಅವರನ್ನು ಕೇಳಿ, ಆಮೇಲೆ ಅರ್ಜಿ. ಮತ್ತೆ, "ಯಾವುದಾದರೂ ಇದ್ದರೆ ನೋಡಿ ಸರ್" ಅನ್ನಬೇಡಿ. ಕಂಪನಿಯ ಕರಿಯರ್ ಪುಟದಲ್ಲಿ ಹುಡುಕಿ, ಹುದ್ದೆಯ ಸಂಖ್ಯೆ ಸಮೇತ ಕಳಿಸಿ. ಹುಡುಕುವ ಕೆಲಸ ನಿಮ್ಮದು, ಅವರದ್ದು ಎರಡು ನಿಮಿಷದ ಕ್ಲಿಕ್ ಮಾತ್ರ.

ರೆಫರಲ್‌ಗೆ ಇನ್ನೊಂದು ಮುಖವೂ ಇದೆ. ಒಳಗಿರುವವರು ತಮ್ಮಂಥವರನ್ನೇ ಕರೆತರುತ್ತಾರೆ. ಮನೆಯಲ್ಲಿ ಮೊದಲ ಸಲ ಡಿಗ್ರಿ ಮುಗಿಸಿದ ಸವದತ್ತಿ ಕಡೆಯ ಹುಡುಗಿಗೆ ಇಂಥ ಗುರುತು ಹುಟ್ಟಿನಿಂದ ಬಂದಿರುವುದಿಲ್ಲ. ಅವಳು ಅದನ್ನು ಕಟ್ಟಿಕೊಳ್ಳಬೇಕು, ಮುಂದಿನ ಭಾಗ ಅಂಥವರಿಗೇ ಹೆಚ್ಚು.

ನಿಮ್ಮ ಗುರುತಿನವರು ಎಲ್ಲಿದ್ದಾರೆ

ನನಗೆ ಯಾರೂ ಗೊತ್ತಿಲ್ಲ ಅನ್ನುವವರಿಗೂ ಗೊತ್ತಿರುವವರು ಇರುತ್ತಾರೆ, ಹುಡುಕುವ ಜಾಗ ಗೊತ್ತಿರುವುದಿಲ್ಲ ಅಷ್ಟೇ.

ಎಲ್ಲಕ್ಕಿಂತ ದೊಡ್ಡ ಗಣಿ ಕಾಲೇಜಿನ ಹಳೆಯ ವಿದ್ಯಾರ್ಥಿಗಳು. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1963ರಲ್ಲಿ, ಬೆಳಗಾವಿಯ ಗೋಗಟೆ ಇನ್‌ಸ್ಟಿಟ್ಯೂಟ್ 1979ರಲ್ಲಿ. ಅಷ್ಟು ವರ್ಷದಿಂದ ಬ್ಯಾಚಿನ ಮೇಲೆ ಬ್ಯಾಚು ಹೊರಗೆ ಹೋಗಿದೆ. 1998ರಲ್ಲಿ ಬೆಳಗಾವಿಯಲ್ಲೇ ಕೇಂದ್ರ ಇಟ್ಟುಕೊಂಡು ವಿಟಿಯು ಬಂದ ಮೇಲೆ ರಾಜ್ಯದ ಉದ್ದಗಲಕ್ಕೂ ಒಂದೇ ವಿಶ್ವವಿದ್ಯಾಲಯದ ಡಿಗ್ರಿ ಹಿಡಿದವರು ಇದ್ದಾರೆ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟಕ್ಕೆ ಹೋದರೆ ಹಳೆಯ ವಿದ್ಯಾರ್ಥಿಗಳು ಅನ್ನುವ ವಿಭಾಗ ಇರುತ್ತದೆ, ಅಲ್ಲಿ ಊರು, ಕಂಪನಿ, ಕೆಲಸದ ಪ್ರಕಾರ ಸೋಸಿ ನೋಡಬಹುದು. ಹತ್ತಿಪ್ಪತ್ತು ವರ್ಷದ ಹಿಂದಿನ ದೊಡ್ಡ ಹುದ್ದೆಯವರಿಗಿಂತ ಎರಡರಿಂದ ಐದು ವರ್ಷ ಹಿರಿಯರನ್ನು ಮೊದಲು ಹಿಡಿಯಿರಿ. ಅವರಿಗೆ ಕೆಲಸ ಹುಡುಕಿದ ಕಷ್ಟ ಇನ್ನೂ ನೆನಪಿರುತ್ತದೆ, ಈಗಿನ ಇಂಟರ್‌ವ್ಯೂ ಹೇಗಿರುತ್ತದೆ ಅಂತಲೂ ಗೊತ್ತಿರುತ್ತದೆ.

ಲೆಕ್ಚರರ್‌ಗಳನ್ನು ಮರೆಯುವವರು ಜಾಸ್ತಿ. ಪ್ರಾಜೆಕ್ಟ್ ಗೈಡ್ ಸರ್ ಅಥವಾ ಮೇಡಂ ಫೋನಿನಲ್ಲಿ ಹಳೆಯ ಹತ್ತು ಬ್ಯಾಚಿನ ನಂಬರ್ ಇರುತ್ತದೆ. "ನಮ್ಮ ಸರ್ ನಿಮ್ಮ ನಂಬರ್ ಕೊಟ್ಟರು" ಅನ್ನುವ ಒಂದು ಸಾಲಿನಿಂದ ಎಷ್ಟು ಬಾಗಿಲು ತೆರೆಯುತ್ತವೆ ಗೊತ್ತಾ? ಆದರೆ ಸರ್ ಹೆಸರು ಹೇಳುವ ಮೊದಲು ಅವರನ್ನು ಕೇಳಿಯೇ ಹೇಳಿ.

ಇನ್ನು ಗಣೇಶ ಹಬ್ಬ. ನಗಬೇಡಿ. ಬೆಳಗಾವಿಯಲ್ಲಿ ಗಣಪತಿ ಕೂರಿಸುವ ಮಂಡಳಗಳಲ್ಲಿ ಎಲೆಕ್ಟ್ರಿಷಿಯನ್‌ನಿಂದ ಹಿಡಿದು ಸಿಎವರೆಗೆ ಎಲ್ಲ ಥರದವರೂ ಇರುತ್ತಾರೆ, ಪುಣೆ, ಬೆಂಗಳೂರು, ಗೋವಾದಲ್ಲಿ ಕೆಲಸಕ್ಕಿರುವವರು ಅದೇ ಸಮಯಕ್ಕೆ ಊರಿಗೆ ಬಂದಿರುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ತಿಂಗಳುಗಟ್ಟಲೆ ಉತ್ತರಿಸದವರು ಮಂಟಪದ ಮುಂದೆ ಅರ್ಧ ಗಂಟೆ ಮಾತಾಡುತ್ತಾರೆ. ಊರ ಜಾತ್ರೆ, ದೀಪಾವಳಿ, ಮದುವೆಗಳೂ ಅಷ್ಟೇ. ಅಲ್ಲಿ ರೆಸ್ಯೂಮೆ ತೆಗೆಯಬೇಡಿ ಮತ್ತೆ. "ಕಾಕಾ, ನೀವು ಯಾವ ಲೈನಿನಾಗ ಅದೀರಿ?" ಅಂತ ಕೇಳಿ, ಅವರ ಕೆಲಸದ ಬಗ್ಗೆ ಕೇಳಿಸಿಕೊಳ್ಳಿ. ಆಮೇಲೆ ನಂಬರ್ ತೆಗೆದುಕೊಳ್ಳಿ.

ಕೆಲಸದ ಕ್ಷೇತ್ರದ್ದೇ ಕೂಟಗಳೂ ಇಲ್ಲಿವೆ. ಬೆಳಗಾವಿ ಫೌಂಡ್ರಿಗಳ ಊರು, ಇಂಡಿಯನ್ ಫೌಂಡ್ರಿಮೆನ್ ಸಂಸ್ಥೆಯ ಶಾಖೆ ಇಲ್ಲಿದೆ, ವಾಣಿಜ್ಯೋದ್ಯಮ ಸಂಘ ಇದೆ. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ವಿಶೇಷ ಆರ್ಥಿಕ ವಲಯ ಇದೆ. ಇಂಥ ಕಡೆಯ ವಸ್ತುಪ್ರದರ್ಶನ, ಉಪನ್ಯಾಸಗಳಿಗೆ ವಿದ್ಯಾರ್ಥಿಗಳು ಹೋಗುವುದು ಕಡಿಮೆ. ಹೋದವರು ಅದಕ್ಕೇ ಕಣ್ಣಿಗೆ ಬೀಳುತ್ತಾರೆ.

ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ. ರೊನಾಲ್ಡ್ ಬರ್ಟ್ ಅನ್ನುವ ಸಮಾಜಶಾಸ್ತ್ರಜ್ಞ 1992ರಲ್ಲಿ ಹೇಳಿದ್ದು ಏನೆಂದರೆ, ಒಂದಕ್ಕೊಂದು ಸಂಪರ್ಕ ಇಲ್ಲದ ಎರಡು ಗುಂಪುಗಳ ನಡುವೆ ನಿಂತವರಿಗೆ ಎರಡೂ ಕಡೆಯ ಸುದ್ದಿ ಸಿಗುತ್ತದೆ, ಅದರಿಂದ ಅವರಿಗೆ ಲಾಭ ಜಾಸ್ತಿ. ಕನ್ನಡವೂ ಮರಾಠಿಯೂ ಬರುವ ಬೆಳಗಾವಿಯ ಹುಡುಗಿಗೆ ಬೆಂಗಳೂರು, ಹುಬ್ಬಳ್ಳಿ ಒಂದು ಕಡೆ, ಕೊಲ್ಹಾಪುರ, ಪುಣೆ ಇನ್ನೊಂದು ಕಡೆ. ಬರೀ ಬೆಂಗಳೂರಿನ ಕಡೆ ಮುಖ ಮಾಡಿ ಕೂತವರು ಅರ್ಧ ಬಾಗಿಲು ತಾವೇ ಮುಚ್ಚಿಕೊಂಡಿರುತ್ತಾರೆ.

ಮೊದಲ ಮೆಸೇಜ್ ಹೇಗಿರಬೇಕು

ಹಾಳಾಗುವುದೆಲ್ಲ ಇಲ್ಲೇ. ಸಾಮಾನ್ಯವಾಗಿ ಹೋಗುವ ಮೆಸೇಜ್ ಹೀಗಿರುತ್ತದೆ: "ಹಾಯ್ ಸರ್, ನಾನು ಫ್ರೆಶರ್, ಜಾಬ್ ಹುಡುಕುತ್ತಿದ್ದೇನೆ, ದಯವಿಟ್ಟು ರೆಫರ್ ಮಾಡಿ. ರೆಸ್ಯೂಮೆ ಲಗತ್ತಿಸಿದ್ದೇನೆ." ಇದನ್ನು ಓದಿದವರಿಗೆ ಇವನು ಯಾರು, ಏನು ಬರುತ್ತದೆ, ಯಾವ ಹುದ್ದೆ, ಒಂದೂ ಗೊತ್ತಾಗುವುದಿಲ್ಲ. ಗುರುತಿಲ್ಲದವನಿಗೆ ತಮ್ಮ ಹೆಸರು ಪಣಕ್ಕಿಡಿ ಅಂತ ಮೊದಲ ಸಾಲಿನಲ್ಲೇ ಕೇಳಿದ ಹಾಗೆ.

ಈಗ ಇದನ್ನು ನೋಡಿ:

"ನಮಸ್ಕಾರ ಮೇಡಂ. ನಾನು ನೀವು ಓದಿದ ಕಾಲೇಜಿನಲ್ಲೇ ಈ ವರ್ಷ ಮೆಕ್ಯಾನಿಕಲ್ ಮುಗಿಸಿದ್ದೇನೆ. ನೀವು ಕ್ವಾಲಿಟಿ ವಿಭಾಗದಲ್ಲಿದ್ದೀರಿ ಅಂತ ನನ್ನ ಪ್ರಾಜೆಕ್ಟ್ ಗೈಡ್ ಸರ್ ಹೇಳಿದರು. ಪ್ರಾಜೆಕ್ಟ್‌ನಲ್ಲಿ ಸಿಎಂಎಂ ಮೇಲೆ ಬಿಡಿಭಾಗಗಳ ಅಳತೆ ತೆಗೆದಿದ್ದೇನೆ. ಹೊಸಬರನ್ನು ತೆಗೆದುಕೊಳ್ಳುವಾಗ ನಿಮ್ಮ ಕಡೆ ಮೊದಲು ಏನು ನೋಡುತ್ತಾರೆ, ಡ್ರಾಯಿಂಗ್ ಓದುವುದೋ, ಮಷಿನ್ ಮೇಲಿನ ಅನುಭವವೋ? ಬಿಡುವಿದ್ದಾಗ ಹತ್ತು ನಿಮಿಷ ಫೋನ್ ಮಾಡಬಹುದಾ? ಆಗದಿದ್ದರೆ ಇಲ್ಲೇ ಎರಡು ಸಾಲು ಬರೆದರೂ ಸಾಕು."

ಇದರಲ್ಲಿ ಕೆಲಸ ಕೇಳಿಯೇ ಇಲ್ಲ. ಆದರೂ ಮೇಡಂಗೆ ಎಲ್ಲ ಗೊತ್ತಾಯಿತು: ಯಾರ ಮೂಲಕ ಬಂದಳು, ಏನು ಮಾಡಿದ್ದಾಳೆ, ಏನು ಬೇಕು. ಪ್ರಶ್ನೆ ಗೂಗಲ್‌ನಲ್ಲಿ ಸಿಗುವಂಥದ್ದಲ್ಲ, ಅವರಿಗೇ ಉತ್ತರ ಗೊತ್ತಿರುವಂಥದ್ದು. ಜನರಿಗೆ ತಮ್ಮ ಕೆಲಸದ ಬಗ್ಗೆ ಹೇಳಲು ಇಷ್ಟ, ಕೆಲಸ ಕೊಡಿಸಿ ಅಂದರೆ ಭಯ. ಆಗಲ್ಲ ಅನ್ನಲು ದಾರಿ ಬಿಟ್ಟಿರುವುದರಿಂದ ಉತ್ತರ ಬರುವುದೂ ಸುಲಭ. ಮಾತು ಚೆನ್ನಾಗಿ ಆದರೆ "ನಿನ್ನ ರೆಸ್ಯೂಮೆ ಕಳಿಸು ನೋಡೋಣ" ಅಂತ ಎಷ್ಟೋ ಸಲ ಅವರೇ ಹೇಳುತ್ತಾರೆ. ಹೇಳದಿದ್ದರೆ ಕೊನೆಗೆ "ಈ ವಿಷಯ ಇನ್ನೂ ಯಾರನ್ನು ಕೇಳಿದರೆ ಒಳ್ಳೆಯದು?" ಅಂತ ಕೇಳಿ. ಒಂದು ಗುರುತು ಎರಡಾಗುತ್ತದೆ.

ಸರ್, ಮೇಡಂ ಅನ್ನಬೇಕೋ, ಅಣ್ಣ, ಅಕ್ಕ ಅನ್ನಬೇಕೋ ಅಂತ ಗೊಂದಲ ಬೇಡ. ಮೊದಲು ಸರ್, ಮೇಡಂ ಅನ್ನಿ. ಎರಡನೇ ಮಾತಿಗೆ ಅವರೇ "ಅಕ್ಕಾ ಅನ್ನು ಸಾಕು" ಅಂದರೆ ಸರಿ. ಕನ್ನಡದಲ್ಲಿ ಬರೆದರೆ ಕಡಿಮೆ ಆಗುತ್ತದೆ ಅಂತಲೂ ಇಲ್ಲ, ಊರಿನವರಿಗೆ ಊರಿನ ಮಾತೇ ಬೇಗ ಮುಟ್ಟುತ್ತದೆ. ಗುರುತಿಲ್ಲದ ಗಂಡಸರಿಗೆ ನಂಬರ್ ಕೊಡಲು ಮನಸ್ಸಿಲ್ಲದ ಹುಡುಗಿಯರು ಇಮೇಲ್‌ನಲ್ಲೇ ಮಾತು ಮುಗಿಸಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ಉತ್ತರ ಬರದಿದ್ದರೆ ವಾರ ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಬಂದರೆ ಅವತ್ತೇ ಥ್ಯಾಂಕ್ಸ್ ಹೇಳಿ. ನಿಜವಾದ ಫರಕು ಬೀಳುವುದು ಒಂದು ತಿಂಗಳ ನಂತರ: "ಮೇಡಂ, ನೀವು ಹೇಳಿದ ಹಾಗೆ ಡ್ರಾಯಿಂಗ್ ಓದುವುದನ್ನು ಕಲಿಯುತ್ತಿದ್ದೇನೆ, ಉದ್ಯಮಬಾಗ್‌ನ ಒಂದು ಶಾಪ್‌ನಲ್ಲಿ ಟ್ರೈನಿಯಾಗಿ ಸೇರಿದ್ದೇನೆ." ಇದನ್ನು ಬರೆಯುವವರು ಬಹಳ ಕಡಿಮೆ. ಹೀಗೆ ಬರೆದವರ ಹೆಸರು ಜಾಗ ಖಾಲಿಯಾದಾಗ ನೆನಪಿಗೆ ಬರುತ್ತದೆ.

ಲಿಂಕ್ಡ್‌ಇನ್ ಬಗ್ಗೆ ನಾಲ್ಕು ಮಾತು

ಇದು 2003ರಲ್ಲಿ ಶುರುವಾದ, 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ತಾಣ. ಹೆಸರಿನ ಪಕ್ಕ 1, 2, 3 ಅಂತ ಕಾಣುತ್ತದಲ್ಲ, 1 ಅಂದರೆ ನಿಮಗೆ ನೇರ ಸಂಪರ್ಕ ಇರುವವರು, 2 ಅಂದರೆ ನಿಮ್ಮ ಗುರುತಿನವರ ಗುರುತಿನವರು. ನಿಮಗೆ ಬೇಕಾದವರು ಈ ಎರಡನೇ ಸುತ್ತಿನಲ್ಲೇ ಜಾಸ್ತಿ, ನಡುವಿನವರು ಯಾರು ಅಂತಲೂ ಅಲ್ಲೇ ತೋರಿಸುತ್ತದೆ. ಹೆಸರಿನ ಕೆಳಗಿನ ಸಾಲಿನಲ್ಲಿ 'ಅವಕಾಶ ಹುಡುಕುತ್ತಿದ್ದೇನೆ' ಅಂತ ಬರೆಯುವ ಬದಲು ನಿಮಗೇನು ಬರುತ್ತದೆ ಅದನ್ನು ಬರೆಯಿರಿ. ಬೆಂಗಳೂರಿಗೋ ಪುಣೆಗೋ ಹೋಗಲು ತಯಾರಿದ್ದರೆ ಕೆಲಸದ ಸ್ಥಳದ ಆಯ್ಕೆಯಲ್ಲಿ ಆ ಊರುಗಳನ್ನೂ ಸೇರಿಸಿ, ಕಂಪನಿಯವರು ಊರಿನ ಪ್ರಕಾರ ಹುಡುಕುವುದು ಸಾಮಾನ್ಯ. ಈಗಾಗಲೇ ಕೆಲಸದಲ್ಲಿದ್ದು ಬದಲಿಸಬೇಕು ಅನ್ನುವವರು ಅದನ್ನು ನೇಮಕಾತಿಯವರಿಗೆ ಮಾತ್ರ ಕಾಣುವ ಹಾಗೆ ಇಡಬಹುದು. ದಿನಾ ಪೋಸ್ಟ್ ಹಾಕುವ ಅಗತ್ಯ ಏನೂ ಇಲ್ಲ.

ದುಡ್ಡಿನ ಮಾತು ಬಂದರೆ

ರೆಫರಲ್‌ಗೆ ಬೇಡಿಕೆ ಬಂದ ಮೇಲೆ ಅದನ್ನು ಮಾರುವವರೂ ಹುಟ್ಟಿಕೊಂಡಿದ್ದಾರೆ. "ಒಳಗೆ ನಮ್ಮವರಿದ್ದಾರೆ, ರೆಫರಲ್ ಪಕ್ಕಾ, ಡಾಕ್ಯುಮೆಂಟ್ ಚಾರ್ಜ್ ಇಷ್ಟು, ಲ್ಯಾಪ್‌ಟಾಪ್ ಡೆಪಾಸಿಟ್ ಇಷ್ಟು." ರೆಫರ್ ಮಾಡಲು ನೌಕರನಿಗೆ ಒಂದು ಪೈಸೆ ಖರ್ಚಿಲ್ಲ, ಸರಿಯಾದ ಕಂಪನಿ ಕೆಲಸ ಕೊಡಲು ಅಭ್ಯರ್ಥಿಯಿಂದ ದುಡ್ಡು ಕೇಳುವುದಿಲ್ಲ. ಆಫರ್ ಲೆಟರ್ ಬಂದರೆ ಕಳಿಸಿದ ಇಮೇಲ್ ವಿಳಾಸ ಕಂಪನಿಯ ಸ್ವಂತ ಡೊಮೇನ್‌ನದ್ದೋ, ಸುಮ್ನೆ ಜಿಮೇಲ್‌ನದ್ದೋ ನೋಡಿ. ಅನುಮಾನ ಬಂದರೆ ಕಂಪನಿಯ ವೆಬ್‌ಸೈಟ್‌ನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ, ಆಫರ್ ಕಳಿಸಿದವರು ಕೊಟ್ಟ ನಂಬರಿಗೆ ಬೇಡ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟುಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ಆ ಹಣವನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ಚಾಟ್, ಸ್ಕ್ರೀನ್‌ಶಾಟ್, ಯುಪಿಐ ರಸೀದಿ ಒಂದನ್ನೂ ಅಳಿಸಬೇಡಿ, ದೂರು ಕೊಡುವಾಗ ಅವೇ ಬೇಕಾಗುತ್ತವೆ.